ಸಹಾಯ ಬೇಕು: 180 ದಿನದ ಲಾಗ್ ಇಡಲು ವಾಜೂ ಸಾಕಾ, ಗ್ರೇಲಾಗ್ ಬೇಕಾ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ಕುಂಬಳೆ, ಮುಳ್ಳೇರಿಯ ಶಾಖೆ ಸೇರಿ 18 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್, ಒಂದು ಫೈರ್‌ವಾಲ್ ಇವೆ.

ಹೋದ ತಿಂಗಳು ಸರ್ವರ್‌ನಲ್ಲಿ ರಾತ್ರಿಯಿಡೀ 4625 ಈವೆಂಟ್, ಅಂದರೆ ಲಾಗಿನ್ ವಿಫಲ ಅಂತ, ಸಾಲುಸಾಲಾಗಿ ಬಂದಿತ್ತು. ನಾನು ನೋಡುವಷ್ಟರಲ್ಲಿ ಮೊದಲಿನ ಲಾಗ್ (ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತು ಎಂಬ ದಾಖಲೆ) ಅಳಿಸಿಹೋಗಿತ್ತು. ಎಲ್ಲಿಂದ ಶುರುವಾಯಿತು ಅಂತ ಗೊತ್ತೇ ಆಗಲಿಲ್ಲ. ರೈತರ ಬ್ಯಾಂಕ್ ಖಾತೆ ವಿವರ ಇರುವುದು ಆ ಸರ್ವರ್‌ನಲ್ಲೇ. ನಿಜವಾಗಿಯೂ ಭಯವಾಗಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ 180 ದಿನದ ಲಾಗ್ ಕೂಡ ಇಡಬೇಕು.

ಲಾಗ್ ಒಟ್ಟುಗೂಡಿಸಿ ಹುಡುಕುವ ಸ್ಪ್ಲಂಕ್ ತಂತ್ರಾಂಶ ವಿಚಾರಿಸಿದೆ. ದಿನಕ್ಕೆ ಎಷ್ಟು ಡೇಟಾ ಹೋಗುತ್ತದೋ ಅದರ ಮೇಲೆ ದರ, ನಮ್ಮಿಂದ ಆಗದು. 8 ಜಿಬಿ ರ‍್ಯಾಮಿನ ಡೆಸ್ಕ್‌ಟಾಪ್‌ನಲ್ಲಿ ವಾಜೂ ಹಾಕಿದೆ; ಲಾಗ್ ನೋಡಿ ಅನುಮಾನದ್ದು ಕಂಡರೆ ಎಚ್ಚರಿಸುವ ತಂತ್ರಾಂಶ ಅದು. ಉಚಿತ, ಎಚ್ಚರಿಕೆಗಳೂ ಚೆನ್ನಾಗಿ ಬರುತ್ತವೆ. ಆದರೆ ಅದು ಸುಮ್ನೆ ಬಿಟ್ಟರೆ ಎಚ್ಚರಿಕೆ ಎದ್ದ ಈವೆಂಟ್ ಮಾತ್ರ ಉಳಿಸುತ್ತದೆ. ‘ಲಾಗ್‌ಆಲ್’ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಎಲ್ಲವೂ ಉಳಿಯುತ್ತದೆ, ಡಿಸ್ಕ್ ಮಾತ್ರ ಬೇಗ ತುಂಬುತ್ತದೆ. ಗ್ರೇಲಾಗ್ ಎಂಬ ಲಾಗ್ ಸಂಗ್ರಹಿಸುವ ತಂತ್ರಾಂಶದಲ್ಲಿ ಕಳಿಸಿದ್ದೆಲ್ಲ ಉಳಿಯುತ್ತದೆ, ಹುಡುಕುವುದೂ ಸುಲಭ. ಆದರೆ ಉಚಿತ ಆವೃತ್ತಿಯಲ್ಲಿ ಎಚ್ಚರಿಕೆಯ ನಿಯಮಗಳನ್ನು ಹೆಚ್ಚಾಗಿ ನಾವೇ ಬರೆಯಬೇಕು.

ನನ್ನ ಪ್ರಶ್ನೆ ಇಷ್ಟೇ: ಇಷ್ಟು ಸಣ್ಣ ಆಫೀಸಿಗೆ ವಾಜೂ ಒಂದರಲ್ಲೇ ಲಾಗ್‌ಆಲ್ ಇಟ್ಟು ಹಳೆಯ ಫೈಲುಗಳನ್ನು ಬೇರೆ ಡಿಸ್ಕ್‌ಗೆ ಹಾಕಿದರೆ ಸಾಕಾ, ಅಥವಾ ಗ್ರೇಲಾಗ್ ಕೂಡ ಬೇಕಾ? ನಡೆಸುತ್ತಿರುವವರು ಎಷ್ಟು ಜಿಬಿ ಡಿಸ್ಕ್ ಇಟ್ಟಿದ್ದೀರಿ ಅಂತಲೂ ಹೇಳಿ.