ಆಯುಧ ಪೂಜೆ ದಿನ ನಾನು ಏನು ಮಾಡಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಮುಂದಿನ ವಾರ ಆಯುಧ ಪೂಜೆ. ಅವರವರ ಮಷೀನಿಗೆ ಅವರವರೇ ಪೂಜೆ ಮಾಡಬೇಕಂತೆ. ನಾನು ಕ್ರೈಸ್ತ. ವಿಗ್ರಹ ಮಾಡಿಕೊಳ್ಳಬಾರದು, ಅಡ್ಡಬೀಳಬಾರದು ಎಂಬ ಬೈಬಲ್ ಆಜ್ಞೆ ಚಿಕ್ಕಂದಿನಿಂದ ಬಾಯಿಪಾಠ. ಜೊತೆಯವರ ಮನಸ್ಸು ನೋಯಿಸಲೂ ಇಷ್ಟವಿಲ್ಲ. ಪ್ರಸಾದ ಕೊಟ್ಟರೆ ತಿನ್ನಬಹುದಾ?

ಮೊದಲ ಉತ್ತರ: ತಮ್ಮಾ, ನಾನೂ ಇಂಥದ್ದೇ ವರ್ಕ್‌ಶಾಪಿನಲ್ಲಿ 18 ವರ್ಷ ದುಡಿದವನು. ಮೊದಲ ವರ್ಷ ಜ್ವರ ಅಂತ ರಜೆ ಹಾಕಿದೆ. ಒಂದು ಆಜ್ಞೆ ಉಳಿಸಿಕೊಳ್ಳಲು ಸುಳ್ಳಾಡಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುವರ್ಷ ನಾಲ್ಕು ದಿನ ಮುಂಚೆಯೇ ಓನರ್ ಹತ್ತಿರ ಹೋದೆ. 'ಸರ್, ಮಷೀನ್ ಒರೆಸಿ, ಎಣ್ಣೆ ಹಾಕಿ, ಮಾವಿನ ತೋರಣ ಕಟ್ಟಿಕೊಡ್ತೀನಿ. ಕುಂಕುಮ ಹಚ್ಚಿ ಕೈಮುಗಿಯೋದು ಮಾತ್ರ ನನ್ನಿಂದ ಆಗಲ್ಲ' ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಹೋದ ವರ್ಷವೇ ಹೇಳಬಹುದಿತ್ತಲ್ಲಪ್ಪ' ಎಂದರು. ನನ್ನ ಮಷೀನಿಗೆ ಪಕ್ಕದವನು ಆರತಿ ಎತ್ತಿದ. ನಾನು ಹಿಂದೆ ಸುಮ್ನೆ ನಿಂತಿದ್ದೆ.

ಹಾಗೆ ನಿಂತದ್ದೂ ತಪ್ಪು ಅನ್ನುವವರಿದ್ದಾರೆ. ನನಗೆ ಬೈಬಲಿನ 2 ಅರಸುಗಳು ಪುಸ್ತಕದ 5ನೇ ಅಧ್ಯಾಯದ ನಾಮಾನ ನೆನಪಾಗುತ್ತಾನೆ. ಅರಾಮಿನ ಸೇನಾಪತಿ. ಕುಷ್ಠ ವಾಸಿಯಾದ ಮೇಲೆ ಇಸ್ರೇಲಿನ ದೇವರಿಗೆ ಬಿಟ್ಟು ಬೇರೆ ಯಾರಿಗೂ ಬಲಿ ಕೊಡುವುದಿಲ್ಲ ಎಂದ. ಆದರೆ ಅರಸ ನನ್ನ ಕೈ ಆತುಕೊಂಡು ಅರಾಮಿನ ದೇವರು ರಿಮ್ಮೋನನ ಗುಡಿಯಲ್ಲಿ ಬಗ್ಗುವಾಗ ನಾನೂ ಬಗ್ಗಬೇಕಾಗುತ್ತದೆ, ಕ್ಷಮೆಯಿರಲಿ ಎಂದು ಕೇಳಿಕೊಂಡ. ಅವನನ್ನು ವಾಸಿಮಾಡಿದ ಪ್ರವಾದಿ ಎಲೀಷ ಬೈಯಲಿಲ್ಲ. ಸಮಾಧಾನದಿಂದ ಹೋಗು ಎಂದ. ಇದನ್ನು ಬಗ್ಗಲು ಕೊಟ್ಟ ಅನುಮತಿ ಎಂದು ನಾನು ಓದುವುದಿಲ್ಲ. ಬೈಬಲಿನ ದಾನಿಯೇಲ 3ರಲ್ಲಿ ಮೂವರು ಯೆಹೂದ್ಯರು, ಬೆಂಕಿಗೆ ಹಾಕಿದರೂ ಅರಸ ನಿಲ್ಲಿಸಿದ ಬಂಗಾರದ ಪ್ರತಿಮೆಗೆ ಬಗ್ಗಲಿಲ್ಲ, ಅಲ್ವಾ? ಆದರೆ ಇಕ್ಕಟ್ಟಿನಲ್ಲಿ ನಿಂತವನ ಮನಸ್ಸು ದೇವರಿಗೆ ಗೊತ್ತು ಎಂಬ ಧೈರ್ಯ ನನಗೆ ಅಲ್ಲಿ ಸಿಕ್ಕಿತು.

ಎರಡನೇ ಉತ್ತರ: ಪ್ರಸಾದದ ಬಗ್ಗೆ ನನ್ನ ಅನುಭವ ಹೇಳ್ತೀನಿ. ನಮ್ಮದು ಹುಬ್ಬಳ್ಳಿ. ಬೈಬಲಿನ 1 ಕೊರಿಂಥ 10ರಲ್ಲಿ ಯೇಸುವಿನ ಅಪೊಸ್ತಲ ಪೌಲ, ಊಟಕ್ಕೆ ಕರೆದರೆ ವಿಚಾರಿಸದೆ ತಿನ್ನಿ, ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ ಆ ಹೇಳಿದವರಿಗಾಗಿ ಬಿಡಿ ಎನ್ನುತ್ತಾನೆ. ನಮ್ಮ ಅತ್ತೆ ಜೀವಮಾನವೆಲ್ಲ ಪೂಜೆ ಮಾಡಿ, ವಯಸ್ಸಾದ ಮೇಲೆ ಕ್ರೈಸ್ತ ನಂಬಿಕೆಗೆ ಬಂದವರು. ಪ್ರಸಾದ ಕಂಡರೆ ಹಳೆಯ ಹರಕೆಯೆಲ್ಲ ನೆನಪಾಗಿ ಚಡಪಡಿಸುತ್ತಾರೆ. ನನಗೆ ಹಾಗೇನೂ ಆಗುವುದಿಲ್ಲ. ಆದರೂ ಅವರಿಗೋಸ್ಕರ ನಾನು ತಿನ್ನುವುದಿಲ್ಲ. ಇದನ್ನು ಪಕ್ಕದ ಮನೆ ಅಕ್ಕನಿಗೆ ಒಮ್ಮೆ ಹೇಳಿದ್ದೆ. ಅಂದಿನಿಂದ ಗಣೇಶ ಚೌತಿಗೆ, 'ನೈವೇದ್ಯಕ್ಕ ಇಡೂಕಿಂತ ಮೊದ್ಲ ನಿಮ್ಮ ಕಡಬು ತಗದಿಟ್ಟೀನಿ' ಅಂತ ತಂದುಕೊಡ್ತಾರೆ. ನೇರವಾಗಿ ಹೇಳಿದ್ದರಿಂದ ನಂಟು ಜಾಸ್ತಿಯೇ ಆಯಿತು.

ಮೂರನೇ ಉತ್ತರ: ನಾನು ಮಂಗಳೂರಿನ ಕ್ಯಾಥೊಲಿಕ್ ಹೆಂಗಸು. ನಿಮ್ಮ ಇಗರ್ಜಿಯಲ್ಲೇ ಮೂರ್ತಿಗಳಿವೆಯಲ್ಲ ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಗೌರವ ಬೇರೆ, ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ ಎಂದು 787ರಲ್ಲಿ ಕ್ರೈಸ್ತ ಬಿಷಪರು ಸೇರಿದ್ದ ನೈಸಿಯಾದ ಎರಡನೇ ಮಹಾಸಭೆ ತೀರ್ಮಾನಿಸಿತು. ನಾವು ಅದನ್ನು ಒಪ್ಪಿದವರು. ಆದರೂ ಬೈಬಲಿನಲ್ಲಿ ಬರುವ ಯೆಹೂದದ ಅರಸ ಹಿಜ್ಕೀಯನ ಕಥೆ ನನ್ನನ್ನು ಬಿಡುವುದಿಲ್ಲ. ದೇವರ ಮಾತಿನಂತೆ ಮೋಶೆ ಮಾಡಿದ ತಾಮ್ರದ ಸರ್ಪಕ್ಕೇ ಜನ ಧೂಪ ಹಾಕತೊಡಗಿದ್ದರು. ಹಿಜ್ಕೀಯ ಅದನ್ನೂ ಒಡೆದುಹಾಕಿದ.

ವಿಗ್ರಹ ಅಂದರೆ ಮೂರ್ತಿ ಮಾತ್ರವೂ ಅಲ್ಲ. ಬೈಬಲಿನ ಕೊಲೊಸ್ಸೆ 3:5ರಲ್ಲಿ ಪೌಲ ದುರಾಸೆಯನ್ನೇ ವಿಗ್ರಹಾರಾಧನೆ ಎಂದು ಕರೆಯುತ್ತಾನೆ. ಅಪ್ಪ ಬಿಟ್ಟುಹೋದ ಹತ್ತು ಸೆಂಟ್ಸ್ ಜಾಗಕ್ಕಾಗಿ ನಾನು ತಮ್ಮನ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದೆ. ಭಾನುವಾರದ ಇಗರ್ಜಿ ಪೂಜೆ ಒಂದೂ ತಪ್ಪಿಸಿರಲಿಲ್ಲ. ಆ ಜಾಗಕ್ಕೇ ಅಡ್ಡಬಿದ್ದಿದ್ದೇನೆ ಎಂದು ಹೊಳೆಯಲು ಅಷ್ಟು ಕಾಲ ಬೇಕಾಯಿತು. ಕಳೆದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ತಮ್ಮನ ಮನೆಗೆ ಹೋಗಿ, ಹೊಸ ಅಕ್ಕಿಯ ಊಟ ಮಾಡಿ ಬಂದೆ.