ರೆಪ್ಪೆಯಂಚಿಗೆ ಶಾಶ್ವತ ಐಲೈನರ್ ಹಾಕಿಸಿಕೊಳ್ಳುವುದು ಸುರಕ್ಷಿತವೇ?

ಪ್ರಶ್ನೆ
ಕನ್ನಡಕ ತೆಗೆದರೆ ಕನ್ನಡಿಯಲ್ಲಿ ನನ್ನ ಕಣ್ಣಂಚು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ದಿನವೂ ಐಲೈನರ್ ಎಳೆದುಕೊಳ್ಳುವುದು ಕಷ್ಟವಾಗಿದೆ. ಹಾಗಾಗಿ ಹಚ್ಚೆಯ ರೂಪದ ಶಾಶ್ವತ ಐಲೈನರ್ ಹಾಕಿಸಿಕೊಳ್ಳುವ ಯೋಚನೆಯಿದೆ. ಮೇಲಿನ ರೆಪ್ಪೆಗೂದಲುಗಳ ನಡುವೆ ಒಂದು ಗೆರೆ, ಕೆಳರೆಪ್ಪೆಯ ಒಳಅಂಚಿಗೆ ಇನ್ನೊಂದು ಗೆರೆ ಹಾಕಬಹುದೆಂದೂ, ಸೂಜಿ ಚರ್ಮವನ್ನಷ್ಟೇ ತಾಗುವುದರಿಂದ ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲವೆಂದೂ ಹಾಕುವವರು ಹೇಳಿದ್ದಾರೆ. ನಾನು ಕಾಂಟ್ಯಾಕ್ಟ್ ಲೆನ್ಸ್ ಧರಿಸುತ್ತೇನೆ. ಸಂಜೆಯ ಹೊತ್ತಿಗೆ ಕಣ್ಣು ಒಣಗಿ ಉರಿಯುವುದುಂಟು. ಬಲ್ಲವರು ನಿಜವಾದ ಅಪಾಯಗಳೇನೆಂದು ತಿಳಿಸುವಿರಾ?

ಉತ್ತರ 1
ನಾನು ದೃಷ್ಟಿ ಪರೀಕ್ಷಕನಾಗಿ ಕೆಲಸ ಮಾಡುತ್ತೇನೆ. ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಒಳ್ಳೆಯ ಬೆಳಕಿನಲ್ಲಿ ಕೆಳರೆಪ್ಪೆಯನ್ನು ತುಸು ಎಳೆದು ಭೂತಗನ್ನಡಿಯಲ್ಲಿ ನೋಡಿದರೆ, ಕೂದಲ ಸಾಲಿನ ಹಿಂದೆಯೇ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳ ಇನ್ನೊಂದು ಸಾಲು ಕಾಣುತ್ತದೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇಂಥ ಗ್ರಂಥಿಗಳಿದ್ದು, ಅವು ಸ್ರವಿಸುವ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಬೇಗ ಆರಿಹೋಗದಂತೆ ಕಾಯುತ್ತದೆ. ನಿಮಗೆ ಹೇಳಿರುವ ಒಳಅಂಚಿನ ಗೆರೆ ಬೀಳುವುದು ಬಹುಮಟ್ಟಿಗೆ ಇದೇ ಸಾಲಿನ ಮೇಲೆ. ರೆಪ್ಪೆಯಂಚಿಗೆ ಹಚ್ಚೆ ಹಾಕಿಸಿಕೊಂಡವರಲ್ಲಿ ಗ್ರಂಥಿಗಳು ನಶಿಸಿರುವುದೂ ಕಣ್ಣೀರಿನ ಪದರ ಬೇಗ ಒಡೆಯುವುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಒಮ್ಮೆ ನಶಿಸಿದ ಗ್ರಂಥಿಯನ್ನು ಮರಳಿ ತರುವ ಖಚಿತವಾದ ಚಿಕಿತ್ಸೆಯಿಲ್ಲ. ಈಗಾಗಲೇ ಕಣ್ಣು ಒಣಗುತ್ತಿರುವ ನಿಮಗೆ ನನ್ನ ಸಲಹೆ, ಒಳಅಂಚಿನ ಗೆರೆ ಬೇಡವೇ ಬೇಡ. ಮೇಲಿನ ಗೆರೆಯ ವಿಚಾರವನ್ನೂ ನೇತ್ರತಜ್ಞರಿಂದ ಗ್ರಂಥಿಗಳ ತಪಾಸಣೆ ಮಾಡಿಸಿಕೊಂಡ ನಂತರವೇ ತೀರ್ಮಾನಿಸಿ.

ಉತ್ತರ 2
ನನ್ನ ಅಕ್ಕನಿಗೆ ಗೆರೆಯ ಬಣ್ಣ ಕಣ್ಣಿನ ಹೊರಮೂಲೆಯಲ್ಲಿ ಮೆಲ್ಲಗೆ ಹರಡಿ, ಹಳೆಯ ಪೆಟ್ಟಿನ ಕಲೆಯಂತೆ ನೀಲಿಗಟ್ಟಿತು. ರೆಪ್ಪೆಯ ಚರ್ಮ ದೇಹದಲ್ಲೇ ಅತ್ಯಂತ ತೆಳುವಾದುದರಿಂದ ಸೂಜಿ ತುಸು ಆಳಕ್ಕಿಳಿದರೂ ಹೀಗಾಗಬಹುದಂತೆ. ಲೇಸರ್‌ನಿಂದ ತೆಗೆಸಲು ಹೋದಾಗ ವೈದ್ಯರು ಎರಡು ಮಾತು ಹೇಳಿದರು: ಕಬ್ಬಿಣದ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಬಣ್ಣ ಲೇಸರ್ ತಾಗಿದೊಡನೆ ಇನ್ನಷ್ಟು ಕಪ್ಪಾಗಬಹುದು, ಕಣ್ಣಿನ ಇಷ್ಟು ಹತ್ತಿರ ಲೇಸರ್ ಬಳಸಬೇಕಾದರೆ ಗುಡ್ಡೆಯ ಮೇಲೆ ಲೋಹದ ಕವಚವನ್ನು ಇಡಲೇಬೇಕು. ಅಕ್ಕ ಅದನ್ನು ಅಲ್ಲಿಗೇ ಬಿಟ್ಟಳು.

ಉತ್ತರ 3
ಸೂಜಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಮರಗಟ್ಟಿಸುವ ಕ್ರೀಮಿನ ಬಗ್ಗೆ ಯಾರೂ ಕೇಳುವುದಿಲ್ಲ. ಅಂಥ ಕೆಲವು ಕ್ರೀಮುಗಳು ಕ್ಷಾರೀಯವಾಗಿದ್ದು, ಕಣ್ಣಿನೊಳಗೆ ಜಾರಿದರೆ ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು) ಸುಡುತ್ತವೆ; ಜಾಗ ಮರಗಟ್ಟಿರುವುದರಿಂದ ಉರಿ ತಕ್ಷಣ ತಿಳಿಯದೆ ಹೋಗಬಹುದು. ಶುಚಿತ್ವವಿಲ್ಲದ ಸೂಜಿಯಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡುವ ಸಾಧ್ಯತೆಯಿದೆ. ಆದರೆ ಹೊಸ ಸೂಜಿ ಬಳಸಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಸೀಲು ಒಡೆಯದ ಬಾಟಲಿಯ ಬಣ್ಣದಲ್ಲೂ ಬ್ಯಾಕ್ಟೀರಿಯಾ ಪತ್ತೆಯಾಗಿದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಚರ್ಮದೊಳಗೆ ಚುಚ್ಚಲೆಂದು ಯಾವ ಬಣ್ಣಕ್ಕೂ ಅನುಮೋದನೆ ನೀಡಿಲ್ಲ. ಯುರೋಪಿಯನ್ ಒಕ್ಕೂಟವು 2022ರ ಜನವರಿಯಿಂದ ಹಚ್ಚೆ ಮತ್ತು ಶಾಶ್ವತ ಮೇಕಪ್ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳನ್ನು ನಿರ್ಬಂಧಿಸಿದೆ. ಬಣ್ಣದ ಹೆಸರನ್ನೂ ಅದರ ಘಟಕಗಳನ್ನೂ ಬರೆದುಕೊಡಲು ಒಪ್ಪದವರ ಕೈಗೆ ಕಣ್ಣನ್ನು ಕೊಡಬೇಡಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಒಳಅಂಚಿನ ಗೆರೆಯನ್ನು ಕೈಬಿಟ್ಟಿದ್ದೇನೆ, ಗ್ರಂಥಿಗಳ ತಪಾಸಣೆಗೆ ಸಮಯ ಕೇಳಿದ್ದೇನೆ. ಶಾಶ್ವತ ಐಲೈನರ್ ಇದ್ದವರು ಮುಂದೆ ಎಂಆರ್‌ಐ ಮಾಡಿಸಿಕೊಳ್ಳುವಂತಿಲ್ಲ ಎಂಬುದು ನಿಜವೇ?

ಉತ್ತರ 1
ನಿಜವಲ್ಲ. ಕಬ್ಬಿಣದ ಅಂಶವಿರುವ ಬಣ್ಣದಿಂದ ಸ್ಕ್ಯಾನ್ ವೇಳೆ ಅಪರೂಪಕ್ಕೆ ಉರಿ ಅಥವಾ ಊತ ಕಾಣಿಸಬಹುದು. ಕಣ್ಣಿನ ಸುತ್ತಲಿನ ಚಿತ್ರ ಮಸುಕಾಗುವುದೂ ಉಂಟು. ಅದಕ್ಕೆ ಹೆದರಿ ಅಗತ್ಯವಾದ ಸ್ಕ್ಯಾನನ್ನು ತಪ್ಪಿಸಿಕೊಂಡರೆ ಹಾನಿ ಹೆಚ್ಚು. ಹಚ್ಚೆಯಿದೆಯೆಂದು ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ, ಉರಿ ಎನಿಸಿದ ಕೂಡಲೇ ಗುಂಡಿ ಒತ್ತಿ ಅವರನ್ನು ಕರೆಯಿರಿ.