ಆಫೀಸ್ ಕೆಲಸಕ್ಕೆ ಸ್ಟುಟ್‌ಗಾರ್ಟ್, ರಜೆ ಹಾಕಿ ಪ್ಯಾರಿಸ್: ವೀಸಾ, ಟಿಕೆಟ್, ಸುತ್ತಾಟದ ಪ್ರಶ್ನೋತ್ತರ

(ಉತ್ತರ ಕೊಡುತ್ತಿರುವವರು ಬೆಂಗಳೂರಿನಲ್ಲಿ ಕಂಪನಿಗಳ ವಿದೇಶ ಪ್ರಯಾಣ, ವೀಸಾ ಫೈಲ್ ನೋಡಿಕೊಳ್ಳುವ ಟ್ರಾವೆಲ್ ಕನ್ಸಲ್ಟೆಂಟ್.)

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಸೆಪ್ಟೆಂಬರ್ 14ರಿಂದ 25ರ ತನಕ ಸ್ಟುಟ್‌ಗಾರ್ಟ್‌ನಲ್ಲಿ ಮೀಟಿಂಗ್, ಟ್ರೈನಿಂಗ್ ಇದೆ. 12ರ ಶನಿವಾರ ಅಲ್ಲಿಗೆ ತಲುಪುತ್ತೇನೆ. ಯುರೋಪ್‌ಗೆ ಇದೇ ಮೊದಲ ಸಲ. ಕೆಲಸ ಮುಗಿದ ಮೇಲೆ ನಾಲ್ಕು ದಿನ ರಜೆ ಹಾಕಿದರೆ ಸಾಕು, ಅಕ್ಟೋಬರ್ 2 ಗಾಂಧಿ ಜಯಂತಿ ಹೇಗೂ ರಜೆ. 4ರ ಭಾನುವಾರ ವಾಪಸ್ ಹೊರಡಬಹುದು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ವೆನಿಸ್, ಸ್ವಿಟ್ಜರ್‌ಲ್ಯಾಂಡ್ ಎಲ್ಲ ನೋಡೋ ಆಸೆ. ಬಿಸಿನೆಸ್ ವೀಸಾದಲ್ಲೇ ಇದೆಲ್ಲ ಆಗುತ್ತಾ? ಆಫೀಸಿಗೆ ಹೇಳಲೇಬೇಕಾ, ಅಥವಾ ಸುಮ್ನೆ ಹೋಗಿ ಬರಬಹುದಾ?

ಉತ್ತರ: ನಮಸ್ಕಾರ. ಮೊದಲು ಖುಷಿಯ ವಿಷಯ ಹೇಳಿಬಿಡ್ತೀನಿ. ಆಗುತ್ತೆ. ಷೆಂಗೆನ್ ವೀಸಾ ಒಂದೇ, ಅದರಲ್ಲಿ ಯುರೋಪಿನ 29 ದೇಶ ಓಡಾಡಬಹುದು. ಕೆಲಸಕ್ಕೆ ಅಂತ ಹೋದವರು ಕೆಲಸ ಮುಗಿಸಿ ಊರು ನೋಡಬಾರದು ಅಂತ ಎಲ್ಲೂ ಇಲ್ಲ. ಆದರೆ ಹೇಳಿ ಹೋಗಬೇಕು. ಆಫೀಸಿಗೂ ಹೇಳಬೇಕು, ಕಾನ್ಸುಲೇಟಿಗೂ ಹೇಳಬೇಕು.

ಯಾಕೆ ಅಂದರೆ, ಜರ್ಮನಿಯ ಕಂಪನಿ ಕೊಡುವ ಆಹ್ವಾನ ಪತ್ರದಲ್ಲಿ 25ಕ್ಕೆ ಕೆಲಸ ಮುಗಿಯುತ್ತದೆ. ನಿಮ್ಮ ವಾಪಸ್ ಟಿಕೆಟ್ ಅಕ್ಟೋಬರ್ 4ಕ್ಕೆ ಇರುತ್ತದೆ. ನಡುವಿನ ಒಂಬತ್ತು ದಿನದ ಬಗ್ಗೆ ಫೈಲಿನಲ್ಲಿ ಒಂದಕ್ಷರವೂ ಇಲ್ಲದಿದ್ದರೆ ನೋಡುವವರಿಗೆ ಅನುಮಾನ ಬರುವುದು ಸಹಜ, ಅಲ್ವಾ? ಅದಕ್ಕೇ ನಿಮ್ಮ ಕಂಪನಿಯ ಕವರಿಂಗ್ ಲೆಟರ್‌ನಲ್ಲೇ ಬರೆಸಿ: ಇಂಥ ದಿನದಿಂದ 26ರ ಬೆಳಿಗ್ಗೆ ತನಕ ಕಂಪನಿ ಕೆಲಸ, ಕಂಪನಿ ಖರ್ಚು, 26ರಿಂದ ಅಕ್ಟೋಬರ್ 4ರ ತನಕ ಮಂಜೂರಾದ ಸ್ವಂತ ರಜೆ, ಸ್ವಂತ ಖರ್ಚು. ರಜೆ ಮಂಜೂರಾದ ಮೇಲ್ ಪ್ರಿಂಟ್, ಆ ದಿನಗಳ ಹೋಟೆಲ್ ಬುಕಿಂಗ್, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೆ ಇಡಿ. ಇಷ್ಟು ಇದ್ದರೆ ಆ ಒಂಬತ್ತು ದಿನ ಯಾರಿಗೂ ಪ್ರಶ್ನೆಯಾಗಿ ಕಾಣುವುದಿಲ್ಲ.

ಅರ್ಜಿ ಜರ್ಮನಿಗೇ ಹಾಕಬೇಕು. ಪ್ರಯಾಣದ ಮುಖ್ಯ ಕಾರಣ ಎಲ್ಲಿದೆಯೋ, ಜಾಸ್ತಿ ದಿನ ಎಲ್ಲಿ ಇರ್ತೀರೋ, ಆ ದೇಶ. ನಿಮಗೆ ಎರಡೂ ಜರ್ಮನಿಯೇ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮುಂಚೆ. ಆ ಕೊನೆಯ ಗಡುವನ್ನು ದಯವಿಟ್ಟು ನಂಬಿ ಕೂರಬೇಡಿ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಆದರೆ ಅವರು 45 ದಿನದ ತನಕ ತೆಗೆದುಕೊಳ್ಳಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರ್‌ನ ಸರ್ವಿಸ್ ಚಾರ್ಜ್ ಬೇರೆ.

ಇನ್ಶೂರೆನ್ಸ್ ಕಡೆ ಒಂದು ಕಣ್ಣಿರಲಿ. ಕನಿಷ್ಠ 30,000 ಯೂರೋ ಕವರ್ ಕಡ್ಡಾಯ. ಕಂಪನಿಯ ಪಾಲಿಸಿ ಎಷ್ಟೋ ಸಲ ಕೆಲಸದ ದಿನಗಳಿಗೆ ಮಾತ್ರ ಇರುತ್ತದೆ. ರಜೆಯ ದಿನಗಳಿಗೆ ನೀವೇ ಬೇರೆ ಮಾಡಿಸಿ, ಎರಡರ ನಡುವೆ ಒಂದು ದಿನವೂ ಖಾಲಿ ಬೀಳದ ಹಾಗೆ.

ವೀಸಾ ಸ್ಟಿಕ್ಕರ್ ಕೈಗೆ ಬಂದ ತಕ್ಷಣ ಮೂರು ಕಡೆ ನೋಡಿ. ಯಾವ ತಾರೀಖಿನಿಂದ ಯಾವ ತಾರೀಖಿಗೆ ಅನ್ನೋದು ಒಂದು. ಎಷ್ಟು ಸಲ ಒಳಗೆ ಬರಬಹುದು ಅನ್ನೋದು ಇನ್ನೊಂದು. ಅಲ್ಲಿ 01 (ಒಂದೇ ಸಲ) ಅಂತಲೋ ಮಲ್ಟ್ (ಹಲವು ಸಲ) ಅಂತಲೋ ಇರುತ್ತದೆ. ಮೂರನೆಯದು ದಿನಗಳ ಸಂಖ್ಯೆ, ಜನ ನೋಡದೇ ಬಿಡುವುದು ಇದನ್ನೇ. ತಾರೀಖು ಅಕ್ಟೋಬರ್ 19ರ ತನಕ ಇದ್ದರೂ ದಿನ 23 ಅಂತ ಇದ್ದರೆ ನೀವು ಇರಬಹುದಾದ್ದು 23 ದಿನ ಮಾತ್ರ. ಇಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ಸೆಪ್ಟೆಂಬರ್ 12ರಿಂದ ಅಕ್ಟೋಬರ್ 4 ಅಂದರೆ ಸರಿಯಾಗಿ 23. ಆದ್ದರಿಂದ ವಾಪಸ್ ಫ್ಲೈಟ್ ಮಧ್ಯರಾತ್ರಿ ಆಸುಪಾಸಿನದಾಗದಂತೆ ನೋಡಿಕೊಳ್ಳಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಂಡು ಕಂಪ್ಯೂಟರಿನಲ್ಲೇ ದಿನ ಎಣಿಸುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಜಾಸ್ತಿಯಾದರೂ ದಾಖಲಾಗುತ್ತದೆ, ಮುಂದಿನ ವೀಸಾಗೆ ಅದು ತೊಡಕು.

ಈಗ ಆ ಆರು ಊರಿನ ಪಟ್ಟಿ. ಎರಡು ಉಳಿಸಿಕೊಂಡು ಮಿಕ್ಕಿದ್ದು ಬಿಡಿ ಅಂತ ನಾನು ಹೇಳೋದು. ಒಂಬತ್ತು ದಿನದಲ್ಲಿ ಆರು ಊರು ಅಂದರೆ ನೀವು ನೋಡುವುದು ರೈಲ್ವೆ ಸ್ಟೇಷನ್, ಹೋಟೆಲ್ ರಿಸೆಪ್ಷನ್, ಸೂಟ್‌ಕೇಸ್. ಪ್ಯಾರಿಸ್ ಮತ್ತು ಆಮ್‌ಸ್ಟರ್‌ಡ್ಯಾಮ್ ಇಟ್ಟುಕೊಳ್ಳಿ. ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್‌ಗೆ ನೇರ ರೈಲು, ಮೂರೂಕಾಲು ಗಂಟೆ ಆಸುಪಾಸು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಊರಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ವಾಪಸ್ ಸ್ಟುಟ್‌ಗಾರ್ಟ್‌ಗೆ ಬರುವ ದಂಡದ ಪ್ರಯಾಣ ಇಲ್ಲ.

ಟಿಕೆಟ್ ಈಗಲೇ ಮಾಡಬೇಕಾದ ಜಾಗಗಳಿವೆ. ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಪ್ರತಿ ಮಂಗಳವಾರ, ಆರು ವಾರ ನಂತರದ ದಿನಗಳಿಗೆ ಬಿಡುತ್ತಾರೆ, ಬೇಗ ಮುಗಿದುಹೋಗುತ್ತದೆ. ಅಲ್ಲಿನ ವ್ಯಾನ್ ಗೋ ಮ್ಯೂಸಿಯಂಗೂ ಮೊದಲೇ ಸಮಯ ಕಾದಿರಿಸಬೇಕು. ಪ್ಯಾರಿಸ್‌ನ ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂಗೆ ಸೋಮವಾರ. ಬೆಂಕಿ ಬಿದ್ದಿದ್ದ ನೋತ್ರ್ ದಾಮ್ ಚರ್ಚ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ, ಪ್ರವೇಶ ಉಚಿತ.

ಅದೇ ಎಂಜಿನಿಯರ್: ತುಂಬಾ ಥ್ಯಾಂಕ್ಸ್ ಮೇಡಂ. ಕೆಲಸ ಇರುವ ಎರಡು ವಾರದಲ್ಲಿ ಶನಿವಾರ, ಭಾನುವಾರ ಸಿಗುತ್ತವೆ. ಸ್ಟುಟ್‌ಗಾರ್ಟ್‌ನಲ್ಲಿ ನೋಡೋಕೆ ಏನೂ ಇಲ್ಲ, ಕಾರ್ ಫ್ಯಾಕ್ಟರಿ ಊರು ಅಂತ ಎಲ್ಲರೂ ಹೇಳ್ತಾರೆ. ಸ್ವಿಟ್ಜರ್‌ಲ್ಯಾಂಡ್ ಆಗಲ್ವಾ?

ಉತ್ತರ: ಆಗುತ್ತೆ, ಜ್ಯೂರಿಕ್ ಮೂರು ಗಂಟೆ ದೂರ. ಆದರೆ ಒಂದೇ ದಿನದಲ್ಲಿ ಹೋಗಿಬಂದರೆ ಆರು ಗಂಟೆ ರೈಲಿನಲ್ಲೇ ಕಳೆಯಿತು, ಬೆಟ್ಟ ದೂರದಲ್ಲೇ ಉಳಿಯಿತು. ಸ್ವಿಟ್ಜರ್‌ಲ್ಯಾಂಡ್‌ಗೆ ಅಂತಲೇ ಇನ್ನೊಮ್ಮೆ ಬನ್ನಿ.

ಸ್ಟುಟ್‌ಗಾರ್ಟ್‌ನಲ್ಲಿ ಏನೂ ಇಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ಅದರಲ್ಲೂ ಕನ್ನಡದವರು ಹಾಗೆ ಹೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತೆ. ಮರ್ಸಿಡಿಸ್ ಮ್ಯೂಸಿಯಂನಲ್ಲಿ 1886ರ ಮೋಟಾರು ಗಾಡಿಯಿಂದ ಕಥೆ ಶುರುವಾಗುತ್ತದೆ. ನಿಮ್ಮ ಕಸುಬಿನವರಿಗೆ ಅರ್ಧ ದಿನ ಸಾಲದು. ಊರಿನ ವೈಸನ್‌ಹೋಫ್ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಟ್ಟಿದ ಮನೆಗಳಿವೆ. 2016ರಲ್ಲಿ ನಮ್ಮ ಚಂಡೀಗಢದಲ್ಲಿ ಅವರೇ ವಿನ್ಯಾಸ ಮಾಡಿದ ಕಟ್ಟಡಗಳ ಜೊತೆಗೇ ಅವೂ ವಿಶ್ವ ಪರಂಪರೆ ಪಟ್ಟಿ ಸೇರಿದವು.

ಪಕ್ಕದಲ್ಲೇ ಎಸ್‌ಲಿಂಗನ್. ಲೋಕಲ್ ರೈಲಿನಲ್ಲಿ ಕಾಲು ಗಂಟೆ ಸಾಕು. ಹಳೇ ಮರದ ಚೌಕಟ್ಟಿನ ಮನೆಗಳು, ಮೇಲೆ ದ್ರಾಕ್ಷಿ ತೋಟದ ಇಳಿಜಾರು. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ, 1881ರಲ್ಲಿ. ನಮ್ಮಲ್ಲಿ ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಅವರ ಪತ್ರಿಕೆಯ ನೆನಪಿಗೇ.

ಇನ್ನೊಂದು ಭಾನುವಾರ ಟ್ಯೂಬಿಂಗನ್‌ಗೆ ಹೋಗಿ. ಪ್ಯಾಸೆಂಜರ್ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪುತ್ತೀರಿ. ನೆಕ್ಕರ್ ನದಿ, ದಂಡೆಯಲ್ಲಿ ಬಣ್ಣದ ಮನೆಗಳ ಸಾಲು, ಉದ್ದನೆಯ ಕೋಲು ಊರಿ ನಡೆಸುವ ದೋಣಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇಲ್ಲಿನ ವಿಶ್ವವಿದ್ಯಾಲಯ. ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ, 1903ರಲ್ಲಿ. ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ನೋಡಿಕೊಂಡೇ ಬೆಳೆದವರು ನಾವು. ಆಫೀಸ್ ಖರ್ಚಿನಲ್ಲಿ ಅವರು ಕಣ್ಣುಮುಚ್ಚಿದ ಊರಿನ ಹತ್ತಿರಕ್ಕೆ ಹೋಗುವ ಅವಕಾಶ ಬಂದಿದೆ, ಬಿಡಬೇಡಿ.

ಶನಿವಾರ ಸ್ಟ್ರಾಸ್‌ಬುರ್ಗ್‌ಗೆ ಇಟ್ಟುಕೊಳ್ಳಿ. ವೇಗದ ರೈಲಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ, ಇಳಿದರೆ ಫ್ರಾನ್ಸ್. ಅಲ್ಲಿನ ಕೆಥೆಡ್ರಲ್ ಗೋಪುರ 142 ಮೀಟರ್, ಎರಡು ಶತಮಾನಕ್ಕೂ ಜಾಸ್ತಿ ಕಾಲ ಪ್ರಪಂಚದಲ್ಲೇ ಎತ್ತರದ ಕಟ್ಟಡವಾಗಿತ್ತು. ಒಂದು ದಿನಕ್ಕೆ ಅಂತ ಹೋದರೂ ಒರಿಜಿನಲ್ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ, ಪೊಲೀಸರು ರೈಲು ಹತ್ತಿ ಕೇಳುತ್ತಾರೆ. ಮೊಬೈಲಿನಲ್ಲಿರುವ ಫೋಟೋ ನಡೆಯಲ್ಲ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಒಳ್ಳೇದು. 2026ರಿಂದ ತಿಂಗಳಿಗೆ 63 ಯೂರೋ. ದೇಶದ ಎಲ್ಲ ಪ್ಯಾಸೆಂಜರ್ ರೈಲು, ಟ್ರಾಮ್, ಸಿಟಿ ಬಸ್ಸಿಗೆ ನಡೆಯುತ್ತದೆ. ಐಸಿಇ ಥರದ ವೇಗದ ರೈಲಿಗೆ ಇಲ್ಲ. ಹೊಸಬರು ಎಡವುವ ಜಾಗ ಒಂದಿದೆ. ಇದು ತಿಂಗಳ ಚಂದಾ. ಈ ತಿಂಗಳ ಕೊನೆಗೆ ನಿಲ್ಲಬೇಕಾದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ನೀವು 12ಕ್ಕೆ ಇಳಿದು ಕೊಂಡರೆ ಅಕ್ಟೋಬರ್ ದುಡ್ಡೂ ಕಟ್ ಆಗುತ್ತದೆ. ಬೆಂಗಳೂರಿನಲ್ಲೇ ಕೂತು ಸೆಪ್ಟೆಂಬರ್‌ಗೆ ಅಂತ ತೆಗೆದುಕೊಂಡು, 10ರೊಳಗೆ ರದ್ದು ಮಾಡಿಬಿಡಿ. ಸೆಪ್ಟೆಂಬರ್ 30ರ ತನಕ ಟಿಕೆಟ್ ನಡೆಯುತ್ತಲೇ ಇರುತ್ತದೆ.

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು, ಬ್ರೆಡ್ ತಂದಿಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಸ್ಟುಟ್‌ಗಾರ್ಟ್‌ನಲ್ಲೂ ಮ್ಯೂನಿಕ್‌ನಲ್ಲೂ ದೊಡ್ಡ ಬಿಯರ್ ಜಾತ್ರೆ, ಹೋಟೆಲ್ ರೇಟು ಏರಿರುತ್ತದೆ. 25ರ ರಾತ್ರಿಯ ರೂಮನ್ನೂ ಮೊದಲೇ ಖಚಿತ ಮಾಡಿಸಿ.

ಇನ್ನೊಬ್ಬರು: ಮೇಡಂ, ವಿಮಾನದ ಟಿಕೆಟ್ ಕಂಪನಿ ಮಾಡಿಸುತ್ತೆ ಅಲ್ವಾ. ವಾಪಸ್ ದಿನ ಮುಂದೆ ಹಾಕಿದರೆ, ಬೇರೆ ಊರಿಂದ ಹೊರಟರೆ, ಆ ಜಾಸ್ತಿ ದುಡ್ಡು ಯಾರು ಕೊಡೋದು?

ಉತ್ತರ: ವ್ಯತ್ಯಾಸ ನಿಮ್ಮದು. ಅದನ್ನು ಮೊದಲೇ ಲೆಕ್ಕ ಹಾಕಿ ತೋರಿಸಿಬಿಡಿ. ಕಂಪನಿಗೆ ಬೇಕಾದ ತಾರೀಖಿನ ದರ, ನಿಮಗೆ ಬೇಕಾದ ತಾರೀಖಿನ ದರ, ಎರಡನ್ನೂ ಒಂದೇ ದಿನ, ಒಂದೇ ಹೊತ್ತಿಗೆ ತೆಗೆಸಿ ಮ್ಯಾನೇಜರ್‌ಗೆ ಮೇಲ್ ಮಾಡಿ. ಬಾಯಿಮಾತಿನ ಒಪ್ಪಿಗೆ ಸಾಲದು. ಎಷ್ಟೋ ಸಲ ನಿಮ್ಮ ತಾರೀಖಿನ ದರವೇ ಕಡಿಮೆ ಇರುತ್ತದೆ, ಆಗ ಯಾರಿಗೂ ತಕರಾರಿಲ್ಲ. ದಿನಭತ್ಯೆ, ಹೋಟೆಲ್ ಬಿಲ್ಲು 26ರ ಬೆಳಿಗ್ಗೆಗೆ ನಿಲ್ಲಬೇಕು. ಅಲ್ಲಿಂದಾಚೆಗೆ ನಿಮ್ಮ ಸ್ವಂತ ಕಾರ್ಡ್ ಬಳಸಿ, ಕಂಪನಿಯ ಫಾರೆಕ್ಸ್ ಕಾರ್ಡ್ ಮುಟ್ಟಬೇಡಿ. ಸ್ವೈಪ್ ಮಾಡುವಾಗ ಮೆಷೀನ್ ರೂಪಾಯಿನಾ ಯೂರೋನಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕುವ ದರ ದುಬಾರಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಕಂಪನಿ ಸ್ಟುಟ್‌ಗಾರ್ಟ್–ಫ್ರಾಂಕ್‌ಫರ್ಟ್–ಬೆಂಗಳೂರು ಅಂತ ಟಿಕೆಟ್ ಮಾಡಿಸಿದ್ದರೆ, ಮೊದಲ ತುಂಡು ಬಿಟ್ಟು ಫ್ರಾಂಕ್‌ಫರ್ಟ್‌ನಲ್ಲೇ ಹತ್ತಿಕೊಳ್ಳೋಣ ಅಂತ ಹೋಗಬೇಡಿ. ಮೊದಲ ತುಂಡಿಗೆ ನೀವು ಬರದಿದ್ದರೆ ಮುಂದಿನದೆಲ್ಲ ರದ್ದಾಗುತ್ತದೆ. ಆ ಮೊದಲ ತುಂಡು ರೈಲಿನದ್ದಾಗಿದ್ದರೂ ಒಂದೇ ಟಿಕೆಟ್‌ನಲ್ಲಿದ್ದರೆ ಇದೇ ತೊಂದರೆ. ಬದಲಾವಣೆ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ.

ಎಂಜಿನಿಯರ್: ಮೇಡಂ, ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿಯೂ 26ಕ್ಕೆ ನೇರ ಪ್ಯಾರಿಸ್‌ಗೆ ಬರ್ತಾಳಂತೆ. ಅವಳದ್ದೂ ನನ್ನ ಫೈಲ್ ಜೊತೆಗೇ ಜರ್ಮನಿಗೆ ಹಾಕಬಹುದಾ?

ಉತ್ತರ: ಬಹಳ ಸಂತೋಷ! ಆದರೆ ಅವರ ಅರ್ಜಿ ಜರ್ಮನಿಗಲ್ಲ, ಫ್ರಾನ್ಸ್‌ಗೆ. ಪ್ರತಿಯೊಬ್ಬರ ಮುಖ್ಯ ದೇಶ ಅವರವರ ಪ್ರಯಾಣದ ಪ್ರಕಾರ. ನಿಮ್ಮವರು ಜರ್ಮನಿಗೆ ಕಾಲೇ ಇಡುತ್ತಿಲ್ಲ. 26ರಿಂದ 30 ಪ್ಯಾರಿಸ್, 30ರಿಂದ 4 ಆಮ್‌ಸ್ಟರ್‌ಡ್ಯಾಮ್ ಅಂದರೆ ಎರಡೂ ದೇಶ ಸಮ. ಸಮ ಬಂದಾಗ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ. ಹಾಗಾಗಿ ಫ್ರಾನ್ಸ್. ಅವರದ್ದು ಟೂರಿಸ್ಟ್ ಫೈಲ್. ಮದುವೆ ಸರ್ಟಿಫಿಕೇಟ್, ನಿಮ್ಮ ವೀಸಾ ಪ್ರತಿ, ಖರ್ಚು ನಿಮ್ಮದು ಅಂತಾದರೆ ನಿಮ್ಮ ಪತ್ರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್, ಇಬ್ಬರ ಹೆಸರೂ ಇರುವ ಹೋಟೆಲ್ ಬುಕಿಂಗ್ ಇಡಿ. ನಿಮ್ಮ ಫೈಲಿನಲ್ಲೂ ಅದೇ ಬುಕಿಂಗ್ ಇರಲಿ. ಎರಡು ಕಡೆ ಎರಡು ಥರ ಬರೆದಿದ್ದರೆ ಸುಮ್ನೆ ತೊಂದರೆ. ಹೋಟೆಲ್ ರದ್ದು ಮಾಡಬಹುದಾದ್ದನ್ನೇ ಮಾಡಿ, ಇಬ್ಬರ ವೀಸಾವೂ ಕೈಗೆ ಬರುವ ತನಕ.

ಮೈಸೂರಿನವರು: ನಾನೂ ಇದೇ ಥರ ಹೋಗ್ತಿದ್ದೀನಿ. ಮಧ್ಯೆ ಒಂದು ವಾರಾಂತ್ಯ ಲಂಡನ್‌ನಲ್ಲಿ ಅಣ್ಣನ ಮನೆಗೆ ಹೋಗಬಹುದಾ? ಮತ್ತೆ ಅವನಿಗೆ ಅಮ್ಮ ಮನೆ ತುಪ್ಪ ಕಳಿಸ್ತಾರಂತೆ.

ಉತ್ತರ: ಲಂಡನ್ ಷೆಂಗೆನ್‌ನಲ್ಲಿಲ್ಲ. ಬ್ರಿಟನ್ ವೀಸಾ ಬೇರೆ ಬೇಕು. ಜೊತೆಗೆ ನಿಮ್ಮ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು, 01 ಅಂತ ಇದ್ದರೆ ಲಂಡನ್‌ಗೆ ಹೋದವರು ವಾಪಸ್ ಕೆಲಸದ ಊರಿಗೆ ಬರೋಕಾಗಲ್ಲ. ಅಣ್ಣನನ್ನೇ ನೀವಿರುವ ಊರಿಗೆ ಕರೆಸಿಕೊಳ್ಳೋದು ಸುಲಭ.

ತುಪ್ಪ ಬೇಡ ಅಂತ ಅಮ್ಮನಿಗೆ ಹೇಳಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಕಸ್ಟಮ್ಸ್‌ನಲ್ಲಿ ಸಿಕ್ಕರೆ ಡಬ್ಬಿ ಅಲ್ಲೇ ಕಸಕ್ಕೆ ಹೋಗುತ್ತದೆ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಪುಳಿಯೋಗರೆ ಪುಡಿ ಒಯ್ಯಿರಿ. ಮಾಂಸ ತಿನ್ನದವರಿಗೆ ಒಂದು ಮಾತು: ಸ್ಟುಟ್‌ಗಾರ್ಟ್ ಕಡೆ ಸಿಗುವ ಮೌಲ್ಟಾಶನ್ ನೋಡೋಕೆ ಕಡುಬಿನ ಹಾಗಿದ್ದರೂ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳಿ ತಿನ್ನಿ. ಕೇಸೆ ಶ್ಪೆಟ್ಸ್‌ಲೆ ಅಂದರೆ ಚೀಸ್ ಹಾಕಿದ ಶಾವಿಗೆಯಂಥದ್ದು, ಹೊಟ್ಟೆ ತುಂಬುತ್ತದೆ.

ಎಂಜಿನಿಯರ್: ಕೊನೇ ಪ್ರಶ್ನೆ ಮೇಡಂ. ಆಫೀಸ್ ಲ್ಯಾಪ್‌ಟಾಪ್ ಏನು ಮಾಡೋದು? ಪ್ಯಾರಿಸ್‌ನಲ್ಲಿ ಬೆನ್ನಿಗೆ ಹಾಕಿಕೊಂಡೇ ತಿರುಗಬೇಕಾ?

ಉತ್ತರ: ಬೇಡವೇ ಬೇಡ. ಪ್ಯಾರಿಸ್ ಮೆಟ್ರೋದಲ್ಲಿ ಕಳ್ಳರ ಕೈಚಳಕ ಜಾಸ್ತಿ. ನಿಮ್ಮ ಜೊತೆ ಬಂದ ಸಹೋದ್ಯೋಗಿ 26ಕ್ಕೇ ಬೆಂಗಳೂರಿಗೆ ವಾಪಸಾಗುತ್ತಿದ್ದರೆ, ಐಟಿಯವರ ಒಪ್ಪಿಗೆ ಪಡೆದು ಅವರ ಕೈಯಲ್ಲಿ ಕಳಿಸಿಬಿಡಿ. ಯಾರೂ ಇಲ್ಲ ಅಂದರೆ ಲ್ಯಾಪ್‌ಟಾಪ್ ಹಿಡಿಸುವ ಲಾಕರ್ ಇರುವ ರೂಮನ್ನೇ ಹುಡುಕಿ, ಬುಕ್ ಮಾಡುವ ಮೊದಲು ಹೋಟೆಲಿಗೆ ಬರೆದು ಕೇಳಿ. ಕಳೆದುಹೋದರೆ ಅವತ್ತೇ ಪೊಲೀಸ್ ಕಂಪ್ಲೇಂಟ್ ಕೊಟ್ಟು ಪ್ರತಿ ತೆಗೆದುಕೊಳ್ಳಿ, ಕಂಪನಿಗೆ ಆ ಕೂಡಲೇ ತಿಳಿಸಿ. ಫೈಲ್ ಸಿದ್ಧವಾದ ಮೇಲೆ ಕವರಿಂಗ್ ಲೆಟರ್‌ನ ಕರಡನ್ನು ಹೆಸರು, ಪಾಸ್‌ಪೋರ್ಟ್ ನಂಬರ್ ಅಳಿಸಿ ಇಲ್ಲೇ ಹಾಕಿ. ತಾರೀಖು ಹೊಂದುತ್ತಾ ಅಂತ ನೋಡಿ ಹೇಳ್ತೀನಿ.